ಇಲ್ಲದ ಊರಿನ ಪತ್ರಿಕೆ

ಐವತ್ತು ಪುಟದ ಪತ್ರಿಕೆ ಹೊರಡಬೇಕು. ಪುಟ ಜೋಡಿಸಲು ಇರುವ ಜಾಗ ಸಂಪಾದಕನ ಮನೆಯ ನೆಲ. ಆ ನೆಲ ಒಮ್ಮೆಗೆ ಹಿಡಿಸುವುದು ಬೆರಳೆಣಿಕೆಯ ವಸ್ತುಗಳನ್ನು ಮಾತ್ರ. ಬರೆಯುವುದು ಒಂದೊಂದೇ ಸಾಲು. ಬರೆದದ್ದನ್ನು ಹಾಳೆಗೆ ಇಳಿಸಬೇಕು, ಹಾಳೆಯನ್ನು ನೆಲದ ಮೇಲಿಡಬೇಕು, ಜಾಗ ಸಾಲದಿದ್ದರೆ ಒಂದನ್ನು ಎತ್ತಿ ಇನ್ನೊಂದನ್ನು ಇಡಬೇಕು. ಇಷ್ಟೂ ಮುಗಿಯುವಷ್ಟರಲ್ಲಿ ವಾರದ ಇಪ್ಪತ್ತು ಗಂಟೆ ಹೋಗಿರುತ್ತದೆ. ಸಂಬಳವಿಲ್ಲ, ಸಾರಿಗೆ ಭತ್ಯೆಯಿಲ್ಲ. ಅಷ್ಟೇ ಏಕೆ, ಊರೇ ಇಲ್ಲ! ಊರಿರುವುದು ಕಮಡೋರ್ 64 ಎಂಬ ಪುಟ್ಟ ಕಂಪ್ಯೂಟರಿನ ಪರದೆಯೊಳಗೆ, ಟೆಲಿಫೋನ್ ತಂತಿಯ ಇನ್ನೊಂದು ತುದಿಯಲ್ಲಿ.

ಆ ಊರಿನ ಹೆಸರು ಹ್ಯಾಬಿಟ್ಯಾಟ್. ಸ್ಟಾರ್ ವಾರ್ಸ್ ಸಿನಿಮಾಗಳ ಲ್ಯೂಕಾಸ್‌ಫಿಲ್ಮ್ ಕಂಪನಿಯ ಗೇಮ್ ವಿಭಾಗ ಅದನ್ನು ಕಟ್ಟಿತು. ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಅದರ ಮುಖ್ಯ ಶಿಲ್ಪಿಗಳು. 1986ರಿಂದ 1988ರವರೆಗೆ ಅದು ಪ್ರಾಯೋಗಿಕವಾಗಿ ನಡೆಯಿತು. ಅಮೆರಿಕದ ನಾನಾ ಮೂಲೆಗಳಿಂದ ಜನ ಮೋಡೆಮ್ ಹಚ್ಚಿ ಬಂದು, ತಮಗೆ ಬೇಕಾದ ತಲೆ, ಬೇಕಾದ ಹೆಸರು ತೊಟ್ಟು, ‘ಅವತಾರ’ಗಳಾಗಿ ಅಲ್ಲಿ ಓಡಾಡಿದರು. ಅವರಲ್ಲೊಬ್ಬ, ಯಾರೂ ಹೇಳದೆ, ಯಾರೂ ಕೇಳದೆ, ‘ರ‍್ಯಾಂಟ್’ ಎಂಬ ವಾರಪತ್ರಿಕೆ ಶುರು ಮಾಡಿದ. ಇಪ್ಪತ್ತು ಪುಟ, ಮೂವತ್ತು ಪುಟ, ಕೆಲವು ವಾರ ಐವತ್ತು ಪುಟ. ಊರಿನ ಸುದ್ದಿ, ಮುಂದಿನ ವಾರದ ಕಾರ್ಯಕ್ರಮ, ಗಾಳಿಸುದ್ದಿ, ಕಟ್ಟುಕತೆ ಎಲ್ಲವೂ ಅದರಲ್ಲಿ. ಸಂಚಿಕೆ ಸಿದ್ಧವಾದ ಮೇಲೆ ಕಂಪನಿಗೆ ಒಪ್ಪಿಸುತ್ತಿದ್ದ. ಅವರು ಅದರ ಪ್ರತಿಗಳನ್ನು ಊರಿನೊಳಗಿನ ಒಂದು ಯಂತ್ರದಲ್ಲಿ ತುಂಬಿಸುತ್ತಿದ್ದರು. ನೂರಾರು ಅವತಾರಗಳು ಬಂದು ಪ್ರತಿ ಒಯ್ಯುತ್ತಿದ್ದವು.

ಇದನ್ನು ಮೊದಲು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ನಮ್ಮ ಹಾಸ್ಟೆಲುಗಳಲ್ಲಿ ಕೈಬರಹದ ಪತ್ರಿಕೆ ತರುತ್ತಿದ್ದ ಹುಡುಗರನ್ನು ಕಂಡವರಿಗೆ ಆ ಸಂಪಾದಕ ಯಾರೆಂದು ಥಟ್ಟನೆ ಗೊತ್ತಾಗುತ್ತದೆ. ಇಂಡಿಯನ್ ಇಂಕಿನಲ್ಲಿ ಬೆರಳು ಕಪ್ಪು ಮಾಡಿಕೊಂಡು, ಸ್ಕೇಲಿನಿಂದ ಕಾಲಂ ಗೆರೆ ಎಳೆದು, ಒಂದೇ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ದೂರ ನಿಂತು ಯಾರು ಓದುತ್ತಾರೆಂದು ಕದ್ದು ನೋಡುವ ಜೀವ ಅದು. ಆ ಜೀವ ಪರದೆಯೊಳಕ್ಕೂ ಹೋಗಿ ಕೂತಿತ್ತು!

ಯಾಕೆ ಬೇಕಾಯಿತು ಪತ್ರಿಕೆ? ಊರು ಸುಮ್ಮನಿರಲಿಲ್ಲ, ಅದಕ್ಕೆ. ಮೊದಲ ದಿನಗಳಲ್ಲಿ ಯಾರ ಕೈಯಲ್ಲಿದ್ದದ್ದನ್ನು ಯಾರು ಬೇಕಾದರೂ ಕಿತ್ತುಕೊಂಡು ಓಡಬಹುದಿತ್ತು, ಗುಂಡು ಹಾರಿಸಿ ಕೆಡವಬಹುದಿತ್ತು. ಕೊಲೆಯೆಂದರೆ ಇಲ್ಲಿ ಆಟವೋ ಅಪರಾಧವೋ ಎಂದು ಜನ ಜಗಳಕ್ಕೆ ನಿಂತರು. ಹೊರಜಗತ್ತಿನಲ್ಲಿ ಗ್ರೀಕ್ ಆರ್ಥೊಡಾಕ್ಸ್ ಪಾದ್ರಿಯಾಗಿದ್ದ ಆಟಗಾರರೊಬ್ಬರು ಒಳಗೊಂದು ಚರ್ಚು ತೆರೆದರು. ‘ಪವಿತ್ರ ಅಕ್ರೋಟಿನ ಪಂಥ’ ಅದರ ಹೆಸರು. ಶಿಷ್ಯರಾದವರು ಆಯುಧ ಹಿಡಿಯುವಂತಿಲ್ಲ, ಕದಿಯುವಂತಿಲ್ಲ. ಇನ್ನೊಂದು ಕಡೆ ಚುನಾವಣೆ ನಡೆದು ಶೆರಿಫ್ ಆಯ್ಕೆಯಾದ. ಆಮೇಲೆ ಅವನಿಗೆ ಎಷ್ಟು ಅಧಿಕಾರ ಕೊಡಬೇಕೆಂದು ಮತ್ತೆ ಮತದಾನ. ಒಂದು ಯಂತ್ರದಲ್ಲಿ ಅಗ್ಗಕ್ಕೆ ಸಿಗುವ ಗೊಂಬೆಯನ್ನು ಇನ್ನೊಂದು ಯಂತ್ರ ದುಬಾರಿ ಬೆಲೆಗೆ ಕೊಳ್ಳುತ್ತದೆಂದು ಪತ್ತೆ ಹಚ್ಚಿದ ಕೆಲವರು ರಾತ್ರಿಯಿಡೀ ಓಡಾಡಿ, ಬೆಳಗಾಗುವಷ್ಟರಲ್ಲಿ ಊರಿನ ಒಟ್ಟು ಹಣವನ್ನೇ ಐದು ಪಟ್ಟು ಮಾಡಿಬಿಟ್ಟರು. ಹೇಳಿ, ಇಂಥ ಊರಿನಲ್ಲಿದ್ದು ವರದಿಗಾರನಾಗದೆ ಇರಲು ಸಾಧ್ಯವೇ? ಊರು ಕಟ್ಟಿದವರು ಏನೇನೋ ಯೋಜನೆ ಹಾಕಿಕೊಂಡಿದ್ದರು. ಜನ ಅದನ್ನೆಲ್ಲ ಪಕ್ಕಕ್ಕೆ ಸರಿಸಿ ತಮ್ಮದೇ ಬದುಕು ನಡೆಸಿದರು. ಬದುಕು ಶುರುವಾದ ಕಡೆ ಸುದ್ದಿ ಹುಟ್ಟಲೇಬೇಕು.

ಆ ಪತ್ರಿಕೆಯ ಬಗ್ಗೆ ಓದಿದಂದಿನಿಂದ ಇಂಥ ಊರುಗಳ ಪತ್ರಿಕೆಗಳ ಬೆನ್ನು ಹತ್ತಿದ್ದೇನೆ. ತೋಡಿದಷ್ಟೂ ಒಸರುತ್ತದೆ!

2003ರ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ‘ಸೆಕೆಂಡ್ ಲೈಫ್’ ಎಂಬ ಜಗತ್ತನ್ನು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಗೆಲ್ಲುವ ಗುರಿಯಿಲ್ಲ, ಸೋಲಿಲ್ಲ. ಪಾತ್ರವೊಂದನ್ನು ತೊಟ್ಟು ಬದುಕಬೇಕು, ಬೇಕಾದದ್ದನ್ನು ನೀವೇ ಮಾಡಿಕೊಳ್ಳಬೇಕು. ಘನ, ಗೋಳ, ಕೊಳವೆಯಂಥ ಮೂಲ ಆಕಾರಗಳನ್ನು ಕೊಟ್ಟಿರುತ್ತಾರೆ. ಅವನ್ನು ಅಲ್ಲಿನವರು ಪ್ರಿಮ್ ಅನ್ನುತ್ತಾರೆ. ಪ್ರಿಮ್‌ಗಳನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಚಿ, ಒಂದಕ್ಕೊಂದು ಬೆಸೆದು ಕುರ್ಚಿ ಮಾಡಿ, ಕೋಟೆ ಕಟ್ಟಿ, ವಿಮಾನ ಹಾರಿಸಿ!

ಒಂದು ಅಂಗಿ ಹೇಗೆ ತಯಾರಾಗುತ್ತಿತ್ತು ನೋಡಿ. ಮೈಯನ್ನು ಚಪ್ಪಟೆಯಾಗಿ ಬಿಡಿಸಿ ಹರಡಿದಂತಿರುವ ಒಂದು ನಕ್ಷೆ ಸಿಗುತ್ತದೆ. ಎದೆ ಒಂದು ಕಡೆ, ಬೆನ್ನು ಇನ್ನೊಂದು ಕಡೆ, ತೋಳು ಬೇರೆ. ಫೋಟೊಶಾಪಿನಲ್ಲಿ ಅದರ ಮೇಲೆ ಬಟ್ಟೆ ಬರೆಯಬೇಕು. ಮಡಿಕೆಯ ನೆರಳು, ಗುಂಡಿಯ ಹೊಳಪು, ಕಾಲರಿನ ಅಂಚು ಎಲ್ಲವೂ ಕೈಯಿಂದಲೇ. ಅದನ್ನು ಜಗತ್ತಿನೊಳಕ್ಕೆ ಏರಿಸಲು ಅಲ್ಲಿನ ನಾಣ್ಯದಲ್ಲಿ 10 ಲಿಂಡೆನ್ ಡಾಲರ್ ಶುಲ್ಕ. ತೊಟ್ಟು ಕನ್ನಡಿಯ ಮುಂದೆ ನಿಂತಂತೆ ತಿರುಗಿದರೆ, ಅಯ್ಯೋ, ಪಕ್ಕೆಯಲ್ಲಿ ಎದೆಯ ಪಟ್ಟೆಗೂ ಬೆನ್ನಿನ ಪಟ್ಟೆಗೂ ಕೂಡಿಕೆಯಾಗಿಲ್ಲ! ಎರಡು ಪಿಕ್ಸೆಲ್ ಕೆಳಗೆ ಜಾರಿದೆ. ಮತ್ತೆ ಫೋಟೊಶಾಪ್, ಮತ್ತೆ ಹತ್ತು ಲಿಂಡೆನ್, ಮತ್ತೆ ತಿರುಗಿ ನೋಡುವುದು. ಹೊಲಿಗೆ ಗೊತ್ತಿಲ್ಲದವರು ದರ್ಜಿಯ ಕಣ್ಣು ಪಡೆದುಕೊಂಡದ್ದು ಹೀಗೆ. 2003ರ ನವೆಂಬರಿನಲ್ಲಿ ಲಿಂಡೆನ್ ಲ್ಯಾಬ್ ಒಂದು ಘೋಷಣೆ ಮಾಡಿತು: ಆಟಗಾರರು ಒಳಗೆ ಸೃಷ್ಟಿಸಿದ್ದರ ಹಕ್ಕುಸ್ವಾಮ್ಯ ಅವರದೇ. ಅಲ್ಲಿಂದ ಅಂಗಿ ಬರೆಯುವುದು ಹವ್ಯಾಸದ ಗಡಿ ದಾಟಿತು. ಅಂಗಡಿ ಬಂತು, ಬ್ರ್ಯಾಂಡ್ ಬಂತು, ಹೊಟ್ಟೆಪಾಡೂ ಆಯಿತು. ಅಂಗಡಿ, ಬ್ರ್ಯಾಂಡ್ ಬಂದ ಮೇಲೆ ಫ್ಯಾಷನ್ ವರದಿ ಬಂತು, ಮನೆ ಅಲಂಕಾರದ ಮ್ಯಾಗಜಿನ್ ಬಂತು. ಕ್ಯಾಲಿಡಾನ್ ಎಂಬ ವಿಕ್ಟೋರಿಯನ್ ಉಗಿಯಂತ್ರ ಯುಗದ ಪ್ರಾಂತ್ಯದಲ್ಲಿ ಟೋಪಿ, ಕೋರ್ಸೆಟ್ ತೊಟ್ಟು ಪಾತ್ರವಾಗಿ ಬದುಕುತ್ತಿದ್ದವರನ್ನು ನೆಚ್ಚಿಕೊಂಡು ‘ಪ್ರಿಮ್‌ಗ್ರಾಫ್’ ಎಂಬ ಪತ್ರಿಕೆಯೂ ಬಂತು!

ಪತ್ರಿಕೆ ವಿನ್ಯಾಸದ ಪಾಡು ಅಂಗಿಗಿಂತ ಕಷ್ಟದ್ದು. ಅಲ್ಲಿನ ವಸ್ತುವಿನ ಮೇಲೆ ಅಕ್ಷರವನ್ನು ಅಕ್ಷರವಾಗಿಯೇ ಅಚ್ಚು ಹಾಕಲು ಬಹುಕಾಲ ದಾರಿಯಿರಲಿಲ್ಲ. ಇಡೀ ಪುಟ ಒಂದು ಚಿತ್ರವಾಗಬೇಕು. ಆ ಚಿತ್ರವನ್ನು ಕಾಗದದಷ್ಟು ತೆಳ್ಳಗೆ ತಟ್ಟಿದ ಘನವೊಂದಕ್ಕೆ ಹೊದಿಸಬೇಕು. ಚಿತ್ರದ ಗರಿಷ್ಠ ಅಳತೆ ಆಗ 1024 ಪಿಕ್ಸೆಲ್ ಉದ್ದ, ಅಷ್ಟೇ ಅಗಲ ಇತ್ತು. ಅಕ್ಷರ ಸಣ್ಣದಾದರೆ ಓದುವವನ ಪರದೆಯಲ್ಲಿ ಮಸಿ ಚೆಲ್ಲಿದಂತೆ ಕಾಣುತ್ತದೆ. ದೊಡ್ಡದಾದರೆ ಸುದ್ದಿಗೆ ಜಾಗ ಇಲ್ಲ. ಪುಟ ಹೆಚ್ಚಿಸೋಣವೆಂದರೆ ಪ್ರತಿ ಚಿತ್ರವೂ ಓದುಗನ ಇಂಟರ್ನೆಟ್ಟನ್ನು ಭಾರ ಮಾಡುತ್ತದೆ, ಬೂದು ಚೌಕ ನೋಡುತ್ತಾ ಕಾಯುವ ತಾಳ್ಮೆ ಯಾರಿಗಿದೆ? ಹೀಗಾಗಿ ಶೀರ್ಷಿಕೆಯ ಒಂದೊಂದು ಪದವನ್ನೂ ತೂಕ ಹಾಕಬೇಕು. ಯಾವ ಪತ್ರಿಕೋದ್ಯಮ ತರಗತಿಯೂ ಇಷ್ಟು ಕಟ್ಟುನಿಟ್ಟಾಗಿ ಸಂಕ್ಷೇಪ ಕಲಿಸಲಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಇದೇ ಜಗತ್ತಿನಲ್ಲಿ ಒಬ್ಬ ಬಿಳಿ ಸೂಟಿನ ವರದಿಗಾರ ಓಡಾಡುತ್ತಿದ್ದ. ವ್ಯಾಗ್ನರ್ ಜೇಮ್ಸ್ ಔ. ಯುದ್ಧಭೂಮಿಗೆ ಸೈನ್ಯದ ಜೊತೆ ವರದಿಗಾರರನ್ನು ಕಳಿಸುವಂತೆ, ಲಿಂಡೆನ್ ಲ್ಯಾಬ್ 2003ರಲ್ಲಿ ಅವನನ್ನು ತನ್ನ ಜಗತ್ತಿಗೆ ವರದಿಗಾರನಾಗಿ ನೇಮಿಸಿಕೊಂಡಿತ್ತು. ಒಳಗೆ ಅವನ ಹೆಸರು ಹ್ಯಾಮ್ಲೆಟ್. ಕಟ್ಟಿದ ಪ್ರತಿ ವಸ್ತುವಿಗೂ ತೆರಿಗೆ ಹಾಕುತ್ತಿದ್ದ ಕಂಪನಿಯ ವಿರುದ್ಧ ಜನ ದಂಗೆಯೆದ್ದು, ಬಾಸ್ಟನ್ ಚಹಾ ಬಂಡಾಯವನ್ನು ನೆನಪಿಸುವಂತೆ ಎಲ್ಲೆಲ್ಲೂ ದೈತ್ಯ ಚಹಾ ಪೆಟ್ಟಿಗೆಗಳನ್ನು ಒಟ್ಟಿದಾಗ ಅವನು ಅದನ್ನು ವರದಿ ಮಾಡಿದ. ಸಂಬಳ ಕೊಡುವ ಕಂಪನಿಯ ವಿರುದ್ಧದ ಪ್ರತಿಭಟನೆಯ ಸುದ್ದಿ! ಆ ತೆರಿಗೆ ಮುಂದೆ ರದ್ದಾಯಿತು.

ಔ ಬರೆದ ಇನ್ನೊಂದು ವರದಿಯ ಬಳಿ ನಾನು ಬಹಳ ಹೊತ್ತು ನಿಂತೆ. 2004ರ ಕೊನೆಯಲ್ಲಿ ಅವನಿಗೆ ವೈಲ್ಡ್ ಕನಿಂಗ್‌ಹ್ಯಾಮ್ ಎಂಬ ಅವತಾರದ ಪರಿಚಯವಾಯಿತು. ಮಾತಿಗಿಳಿದರೆ ಗೊತ್ತಾಯಿತು, ಆ ಒಂದು ಮೈಯೊಳಗೆ ಒಂಬತ್ತು ಜನ ಇದ್ದಾರೆ! ಮ್ಯಾಸಚೂಸೆಟ್ಸ್‌ನ ಒಂದು ಹಗಲು ಆರೈಕೆ ಕೇಂದ್ರಕ್ಕೆ ಬರುತ್ತಿದ್ದ ಅವರಲ್ಲಿ ಹೆಚ್ಚಿನವರಿಗೆ ಸೆರೆಬ್ರಲ್ ಪಾಲ್ಸಿ. ಗಾಲಿಕುರ್ಚಿಯಲ್ಲಿ ಕೂತು ಪರದೆಯ ಸುತ್ತ ನೆರೆದು, ಎತ್ತ ಹೋಗಬೇಕು, ಏನು ಹೇಳಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸುತ್ತಿದ್ದರು, ಆರೈಕೆಯವರೊಬ್ಬರು ಟೈಪ್ ಮಾಡುತ್ತಿದ್ದರು. ಹೊರಗೆ ಹೆಜ್ಜೆ ಎತ್ತಿಡಲಾಗದವರು ಒಳಗೆ ಹಾರುತ್ತಿದ್ದರು. ಇದನ್ನು ಹುಡುಕಿ ತಂದದ್ದು ವರದಿಗಾರಿಕೆ. ಎದುರು ನಿಂತ ಬಣ್ಣದ ಬೊಂಬೆಯನ್ನು ಬೊಂಬೆಯೆಂದುಕೊಳ್ಳದೆ ‘ನೀವು ಯಾರು’ ಎಂದು ಕೇಳುವ ಸಹಜ ಕುತೂಹಲ. 2006ರ ಅಕ್ಟೋಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಅಲ್ಲೊಂದು ಕಚೇರಿಯನ್ನೇ ತೆರೆಯಿತು. ಆದರೆ ನನಗೆ ದೊಡ್ಡ ಸಂಸ್ಥೆಗಳ ಆಗಮನಕ್ಕಿಂತ ಊರಿನವರೇ ಮಾಡಿದ ಪತ್ರಿಕೆಗಳ ಮೇಲೆ ಪ್ರೀತಿ ಹೆಚ್ಚು. ರಾಯಿಟರ್ಸ್ ಬಂತು, ಕೆಲವು ವರ್ಷ ಇತ್ತು, ಹೋಯಿತು.

ಊರಿನ ಪತ್ರಿಕೆ ಊರಿನ ದೊರೆಯನ್ನು ಎದುರು ಹಾಕಿಕೊಂಡರೆ ಏನಾಗುತ್ತದೆ? ಅದಕ್ಕೂ ಉತ್ತರ ಸಿಕ್ಕಿದೆ. ‘ದಿ ಸಿಮ್ಸ್ ಆನ್‌ಲೈನ್’ ಎಂಬ ಆಟದಲ್ಲಿ ಆಲ್ಫಾವಿಲ್ ಎಂಬ ನಗರವಿತ್ತು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರೊಫೆಸರ್ ಆಗಿದ್ದ ಪೀಟರ್ ಲಡ್ಲೊ, ಯುರೈಜನಸ್ ಎಂಬ ಹೆಸರು ತೊಟ್ಟು 2003ರ ಅಕ್ಟೋಬರಿನಲ್ಲಿ ‘ಆಲ್ಫಾವಿಲ್ ಹೆರಾಲ್ಡ್’ ಶುರು ಮಾಡಿದರು. ಹೊಸಬರಿಗೆ ಟೋಪಿ ಹಾಕಿ ದುಡ್ಡು ಕಸಿಯುವವರು, ರೌಡಿ ಗುಂಪುಗಳು, ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ ಗಂಭೀರ ಆರೋಪಗಳು. ಹೆರಾಲ್ಡ್ ಯಾವುದನ್ನೂ ಬಿಡಲಿಲ್ಲ. ಟೋಪಿ ಹಾಕುವವರನ್ನೇ ಕೂರಿಸಿ ಸಂದರ್ಶನ ಮಾಡಿತು! ಎರಡು ತಿಂಗಳಾಗುತ್ತಿದ್ದಂತೆ ಕಂಪನಿ ಲಡ್ಲೊ ಅವರ ಖಾತೆಯನ್ನು ಮುಚ್ಚಿತು. ತಮ್ಮ ಪರಿಚಯದ ಪುಟದಲ್ಲಿ ಹೊರಗಿನ ವಾಣಿಜ್ಯ ತಾಣಕ್ಕೆ ಕೊಂಡಿ ಕೊಟ್ಟಿದ್ದಾರೆ, ಅದು ನಿಯಮಭಂಗ ಎಂದು ಕಂಪನಿ ಕಾರಣ ಹೇಳಿತು. ವರದಿಗಳೇ ಕಾರಣವೆಂದು ಲಡ್ಲೊ ವಾದಿಸಿದರು. 2004ರ ಜನವರಿಯಲ್ಲಿ ಇದು ನ್ಯೂಯಾರ್ಕ್ ಟೈಮ್ಸ್‌ನ ಸುದ್ದಿಯಾಯಿತು. ಖಾಸಗಿ ಕಂಪನಿಯ ಒಡೆತನದ ಊರಿನಲ್ಲಿ ಪತ್ರಿಕಾ ಸ್ವಾತಂತ್ರ್ಯವೆಂದರೇನು? ನಮ್ಮ ಅರ್ಧ ಬದುಕು ಖಾಸಗಿ ಆ್ಯಪ್‌ಗಳೊಳಗೆ ನಡೆಯುವ ಈ ಕಾಲದಲ್ಲಿ ನಾವು ಕೇಳುತ್ತಿರುವ ಪ್ರಶ್ನೆಯನ್ನು ಒಂದು ಆಟದ ಊರಿನ ಟ್ಯಾಬ್ಲಾಯ್ಡ್ ಇಪ್ಪತ್ತು ವರ್ಷ ಮೊದಲೇ ಎತ್ತಿತ್ತು! ಗಡೀಪಾರಾದ ಹೆರಾಲ್ಡ್ ಸೆಕೆಂಡ್ ಲೈಫಿಗೆ ಗುಳೆ ಹೋಗಿ ಅಲ್ಲಿ ಮತ್ತೆ ಹೊರಟಿತು. ಆಲ್ಫಾವಿಲ್ ಇದ್ದ ಆಟ 2008ರಲ್ಲಿ ಬಾಗಿಲು ಮುಚ್ಚಿತು. ಊರು ಹೋಯಿತು, ಊರಿನ ಪತ್ರಿಕೆಯ ಕತೆ ಎಂಐಟಿ ಪ್ರೆಸ್ ಪ್ರಕಟಿಸಿದ ಪುಸ್ತಕವಾಗಿ ಉಳಿದಿದೆ.

ಇನ್ನು ಇವತ್ತಿಗೆ ಬನ್ನಿ. ಗ್ರ್ಯಾಂಡ್ ಥೆಫ್ಟ್ ಆಟೊ ಆಟದ ನಗರವನ್ನು ಫೈವ್‌ಎಂ ಎಂಬ ತಂತ್ರಾಂಶದ ಮೇಲೆ ಓಡಿಸುವ, ಪಾತ್ರ ತೊಟ್ಟು ಆಡುವ ರೋಲ್‌ಪ್ಲೇ ಸರ್ವರ್‌ಗಳು ಲೋಕವೆಲ್ಲ ಹರಡಿವೆ. ಭಾರತದಲ್ಲೂ ಇವೆ. ಅಲ್ಲಿ ಒಬ್ಬ ಪೊಲೀಸ್, ಒಬ್ಬ ಮೆಕ್ಯಾನಿಕ್, ಒಬ್ಬ ಆ್ಯಂಬುಲೆನ್ಸ್ ಚಾಲಕ. ಅವರ ನಡುವೆ ವರದಿಗಾರ ಎಂಬ ಕೆಲಸವೂ ಇದೆ! ಇಂಥ ಸರ್ವರ್ ಕಟ್ಟಲು ಬಹಳ ಜನ ಬಳಸುವ ಒಂದು ಕೋಡ್ ಕಟ್ಟಿನಲ್ಲಿ ಸುದ್ದಿ ಕ್ಯಾಮೆರಾ ಮತ್ತು ಮೈಕು ಮೊದಲೇ ಸೇರಿಕೊಂಡಿರುತ್ತವೆ. ಕಮಾಂಡ್ ಕೊಟ್ಟರೆ ಪಾತ್ರದ ಹೆಗಲಿಗೆ ಕ್ಯಾಮೆರಾ ಬರುತ್ತದೆ. ಆಸ್ಪತ್ರೆಯಿದ್ದಂತೆ, ಪೊಲೀಸ್ ಠಾಣೆಯಿದ್ದಂತೆ ಸುದ್ದಿಯೂ ಒಂದು ನಗರ ಸೇವೆಯೆಂದು ಅದನ್ನು ಬರೆದವರಿಗೆ ಅನಿಸಿತ್ತಲ್ಲ, ನನಗೆ ಅಷ್ಟೇ ಸಾಕು ಕುಣಿದಾಡಲು.

ಆ ವರದಿಗಾರರು ಪಾಲಿಸುವ ಒಂದು ಕಟ್ಟುಪಾಡಿದೆ. ಅದು ತಿಳಿದ ಮೇಲೆ ನನ್ನ ಪತ್ರಿಕಾ ವೃತ್ತಿಯನ್ನೇ ಹೊಸದಾಗಿ ನೋಡುವಂತಾಯಿತು. ರೋಲ್‌ಪ್ಲೇಯಲ್ಲಿ ಪಾತ್ರಕ್ಕೆ ಗೊತ್ತಿರುವುದು ಬೇರೆ, ಆಟಗಾರನಿಗೆ ಗೊತ್ತಿರುವುದು ಬೇರೆ. ಬ್ಯಾಂಕ್ ದರೋಡೆ ಮಾಡಿದವನು ಯಾರೆಂದು ನೀವು ಅವನ ಲೈವ್ ಸ್ಟ್ರೀಮ್‌ನಲ್ಲಿ ಕಣ್ಣಾರೆ ನೋಡಿರಬಹುದು. ಅವನು ನಿಮ್ಮ ಗೆಳೆಯನೇ ಆಗಿ, ಫೋನಿನಲ್ಲಿ ಹೇಳಿಕೊಂಡಿರಬಹುದು. ಆದರೆ ನಿಮ್ಮ ವರದಿಗಾರ ಪಾತ್ರ ಅದನ್ನು ನೋಡಿಲ್ಲ, ಕೇಳಿಲ್ಲ. ಹಾಗಾಗಿ ಬರೆಯುವಂತಿಲ್ಲ. ಬರೆದರೆ ಅದು ಮೆಟಾಗೇಮಿಂಗ್. ಆಟದಿಂದ ಹೊರಹಾಕಿಸಿಕೊಳ್ಳುವಷ್ಟು ದೊಡ್ಡ ತಪ್ಪು. ಗೊತ್ತಿದ್ದೂ ಗೊತ್ತಿಲ್ಲದವನಾಗಿ, ಪಾತ್ರದ ಕಾಲಿನಲ್ಲೇ ನಡೆದು ಬ್ಯಾಂಕಿನ ಮುಂದೆ ನಿಲ್ಲಬೇಕು. ಕಾವಲುಗಾರನ ಪಾತ್ರವನ್ನು ಮಾತಾಡಿಸಬೇಕು. ಪೊಲೀಸರ ಪಾತ್ರ ‘ತನಿಖೆ ನಡೀತಿದೆ, ಈಗೇನೂ ಹೇಳೋಕಾಗಲ್ಲ’ ಎಂದರೆ ಮತ್ತೆ ಕೇಳಬೇಕು. ಊರಿನೊಳಗೇ ಮೂಲವೊಂದನ್ನು ಹುಡುಕಿ, ಅದರ ಹೆಸರು ಕಾಪಾಡಿ, ಆಮೇಲೆ ಬರೆಯಬೇಕು. ‘ಈ ಸುದ್ದಿ ನಿನಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ಪ್ರತಿ ವಾಕ್ಯದಲ್ಲೂ ಉತ್ತರವಿಟ್ಟುಕೊಂಡಿರಬೇಕು. ಯಾವ ಸುದ್ದಿಮನೆಯಲ್ಲಿ ಈ ಶಿಸ್ತು ಇದಕ್ಕಿಂತ ಬಿಗಿಯಾಗಿದೆ? ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಹಾಗೆಯೇ ಬ್ರೇಕಿಂಗ್ ಎಂದು ಓಡಿಸುವ ನಾವು ಈ ಹುಡುಗ ಹುಡುಗಿಯರ ಕೈಕೆಳಗೆ ಒಂದು ತಿಂಗಳು ಕೆಲಸ ಕಲಿಯಬೇಕು. ಮನಸಾರೆ ಹೇಳುತ್ತಿದ್ದೇನೆ.

ಈವ್ ಆನ್‌ಲೈನ್ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನ ಸಿಸಿಪಿ ಕಂಪನಿ 2003ರಲ್ಲಿ ತೆರೆದ ಬಾಹ್ಯಾಕಾಶ ಜಗತ್ತು ಅದು. 2014ರ ಜನವರಿಯಲ್ಲಿ ಅಲ್ಲೊಂದು ತಾರಾಮಂಡಲದ ಬಾಡಿಗೆ ಕಟ್ಟುವುದು ತಪ್ಪಿಹೋಯಿತು. ಅಷ್ಟೇ! 21 ಗಂಟೆ ಯುದ್ಧ. 7,500ಕ್ಕೂ ಹೆಚ್ಚು ಆಟಗಾರರು ಕಾದಾಡಿದರು, ಟೈಟನ್ ವರ್ಗದ 75 ದೈತ್ಯ ಹಡಗುಗಳು ಭಸ್ಮ. ನಷ್ಟವನ್ನು ನಿಜದ ದುಡ್ಡಿಗೆ ತಾಳೆ ಹಾಕಿದರೆ 3 ಲಕ್ಷ ಡಾಲರ್ ದಾಟುತ್ತದೆಂದು ಲೆಕ್ಕ ಹಾಕಿದರು. ಆಟಗಾರರೇ ನಡೆಸುವ ಸುದ್ದಿತಾಣಗಳು ನಿಮಿಷ ನಿಮಿಷದ ವರದಿ ಕೊಟ್ಟವು. ಈ ಜಗತ್ತಿನ ಕಲಾಕೃತಿಗಳಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ನಕ್ಷೆ. ಯಾವ ಬಣ ಯಾವ ಆಕಾಶವನ್ನು ಆಳುತ್ತಿದೆ ಎಂಬುದನ್ನು ಬಣ್ಣದ ಮೋಡಗಳಲ್ಲಿ ತೋರಿಸುವ ನಕ್ಷೆಯನ್ನು ಆಟಗಾರರೊಬ್ಬರು ರೂಪಿಸಿದರು, ದಿನದಿನವೂ ಅದು ಹೊಸದಾಗುತ್ತಿತ್ತು. ವರ್ಷಗಳ ನಕ್ಷೆಗಳನ್ನು ಸಾಲಾಗಿ ಓಡಿಸಿ ನೋಡಿದರೆ ಸಾಮ್ರಾಜ್ಯಗಳು ಉಬ್ಬುತ್ತವೆ, ಸೀಳುತ್ತವೆ, ಒಂದು ಬಣ್ಣ ಇನ್ನೊಂದನ್ನು ನುಂಗುತ್ತದೆ. ಒಂದು ಮಾತೂ ಇಲ್ಲದೆ ಒಂದು ದಶಕದ ರಾಜಕೀಯ ವರದಿ! ಆಂಡ್ರ್ಯೂ ಗ್ರೋಯೆನ್ ಎಂಬ ಪತ್ರಕರ್ತ ಈ ಯುದ್ಧಗಳ ಇತಿಹಾಸವನ್ನು ಪುಸ್ತಕ ಮಾಡಲು ಹೊರಟಾಗ ಓದುಗರೇ ಮುಂಗಡ ದುಡ್ಡು ಕೊಟ್ಟು ಬರೆಸಿದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲೇ ಈ ಆಟವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತ್ತು.

ಇಷ್ಟು ಹೊತ್ತು ಆಟದೊಳಗೆ ಹುಟ್ಟಿದ ಪತ್ರಿಕೆಗಳ ಮಾತಾಯಿತು. ಹೊರಗಿನ ಪತ್ರಿಕೋದ್ಯಮವೇ ಉಸಿರು ಕಟ್ಟಿ ಆಟದೊಳಗೆ ಆಶ್ರಯ ಪಡೆದದ್ದೂ ಉಂಟು. ನನ್ನನ್ನು ಪೂರ್ತಿ ಬೆರಗುಗೊಳಿಸಿದ್ದು ಇದು.

2020ರ ಮಾರ್ಚ್ 12. ಗಡಿಗಳಿಲ್ಲದ ವರದಿಗಾರರು ಎಂಬ ಸಂಸ್ಥೆ ಮೈನ್‌ಕ್ರಾಫ್ಟ್ ಆಟದೊಳಗೆ ಒಂದು ಗ್ರಂಥಾಲಯ ತೆರೆಯಿತು. ಹೆಸರು ‘ಸೆನ್ಸಾರಾಗದ ಗ್ರಂಥಾಲಯ’. ಬ್ಲಾಕ್‌ವರ್ಕ್ಸ್ ಎಂಬ ವಿನ್ಯಾಸ ತಂಡದ, 16 ದೇಶಗಳ 24 ಜನ ಸೇರಿ 1.25 ಕೋಟಿ ಇಟ್ಟಿಗೆಗಳಿಂದ ಅದನ್ನು ಕಟ್ಟಿದರು. ಒಂದು ಘನ ಮೀಟರಿನಷ್ಟು ದಪ್ಪದ ಚೌಕ ಇಟ್ಟಿಗೆಯಿಂದ ಗೋಳಾಕಾರದ ಗುಮ್ಮಟ ಎಬ್ಬಿಸುವುದು ಎಂಥ ಕೆಲಸವೆಂದು ಮಕ್ಕಳೊಂದಿಗೆ ಕೂತು ಆ ಆಟ ಆಡಿದವರಿಗೆ ಗೊತ್ತು. ಸಾಲುಗಂಬ, ಅಗಲವಾದ ಮೆಟ್ಟಿಲು, ದೊಡ್ಡ ಗುಮ್ಮಟ. ರಾಜಧಾನಿಗಳಲ್ಲಿ ಸರ್ಕಾರಗಳು ತಮ್ಮ ಅಧಿಕಾರ ಮೆರೆಸಲು ಕಟ್ಟಿಕೊಳ್ಳುವ ಶೈಲಿ ಅದು. ಅದೇ ಶೈಲಿಯನ್ನು ವಿನ್ಯಾಸಕರು ಬೇಕೆಂದೇ ಎತ್ತಿಕೊಂಡು, ಸರ್ಕಾರಗಳು ಮುಚ್ಚಿಸಿದ ಬರಹಗಳಿಗೆ ಮನೆ ಮಾಡಿದರು.

ಒಳಗೆ ಹೋದರೆ ದೇಶಕ್ಕೊಂದು ಕೋಣೆ. ಸೌದಿ ಅರೇಬಿಯದ ಕೋಣೆಯಲ್ಲಿ ಜಮಾಲ್ ಖಶೋಗಿ ಬರೆದ ಲೇಖನಗಳು. 2018ರ ಅಕ್ಟೋಬರಿನಲ್ಲಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟಿನೊಳಗೆ ಕೊಲೆಯಾದವರು ಅವರು. ಮೆಕ್ಸಿಕೊದ ಕೋಣೆಯಲ್ಲಿ 2017ರಲ್ಲಿ ಗುಂಡಿಗೆ ಬಲಿಯಾದ ಹಾವಿಯೆರ್ ವಾಲ್ಡೆಸ್. ಈಜಿಪ್ಟ್, ರಷ್ಯಾ, ವಿಯೆಟ್ನಾಂಗಳಿಗೂ ಒಂದೊಂದು. ಆಟದೊಳಗಿನ ಪುಸ್ತಕವನ್ನು ತೆರೆದರೆ ಪೂರ್ತಿ ಲೇಖನ ಇಂಗ್ಲಿಷಿನಲ್ಲೂ ಆ ದೇಶದ ಭಾಷೆಯಲ್ಲೂ ಸಿಗುತ್ತದೆ. ಸುದ್ದಿತಾಣಗಳನ್ನು ಮುಚ್ಚಿದ ದೇಶಗಳಲ್ಲೂ ಮೈನ್‌ಕ್ರಾಫ್ಟ್ ತೆರೆದೇ ಇತ್ತು. ಅದೊಂದು ಮಕ್ಕಳ ಆಟವಲ್ಲವೇ, ಅದನ್ನು ಯಾರು ಅನುಮಾನಿಸುತ್ತಾರೆ? ಸಾಲದ್ದಕ್ಕೆ ಇಡೀ ಕಟ್ಟಡವನ್ನು ಡೌನ್‌ಲೋಡ್ ಮಾಡಿಕೊಂಡು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಬಹುದು. ಒಂದು ಸರ್ವರ್ ಆರಿಸಿದರೆ ಗ್ರಂಥಾಲಯ ಮುಚ್ಚುವುದಿಲ್ಲ, ಪ್ರತಿಗಳು ಎಲ್ಲೆಲ್ಲಿವೆಯೆಂದು ಕಟ್ಟಿದವರಿಗೂ ಲೆಕ್ಕವಿಲ್ಲ. ಮರುವರ್ಷ ಬ್ರೆಜಿಲ್ ಮತ್ತು ಬೆಲಾರುಸ್‌ಗೂ ಕೋಣೆಗಳನ್ನು ಕಟ್ಟಿದರು. ಹೊಸ ಕೋಣೆಗೆ ಬೇಕಾದಷ್ಟು ಜಾಗ ಅಲ್ಲಿ ಇನ್ನೂ ಇದೆ, ಆ ಜಾಗಕ್ಕೆ ಬರಬೇಕಾದ ಲೇಖನಗಳನ್ನು ಎಲ್ಲೋ ಯಾರೋ ಈಗಲೂ ಬರೆಯುತ್ತಿದ್ದಾರೆ.